ಹಳೇ ಮಿಲ್ಲಿಂಗ್ ಮಿಷಿನ್ನಿಗೆ ಸಿಎನ್‌ಸಿ ಹಾಕ್ಸಿ ಒಂದು ಮಳೆಗಾಲ ಕಳೆದ ಮೇಲೆ: ಸುಂಟಿಕೊಪ್ಪದಿಂದ ರಿವ್ಯೂ

ನಮ್ಮ ವರ್ಕ್‌ಶಾಪಿನ ಮಿಲ್ಲಿಂಗ್ ಮಿಷಿನ್ನಿಗೆ, ಅಂದ್ರೆ ತಿರುಗೋ ಕಟರಲ್ಲಿ ಲೋಹ ಕೊರೆಯೋ ಮಿಷಿನ್ನಿಗೆ, ಕಂಪ್ಯೂಟರ್ ಕಂಟ್ರೋಲ್ (ಸಿಎನ್‌ಸಿ) ಹಾಕ್ಸಿದೀವಿ ಅಂತ ಗೊತ್ತಾದ್ಮೇಲೆ ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ ಕಡೆಯಿಂದ ಏಳೆಂಟು ಜನ ಫೋನ್ ಮಾಡಿ ಕೇಳಿದ್ರು, ಎಷ್ಟಾಯ್ತು, ಕೆಲ್ಸ ಮಾಡ್ತದಾ, ನಾವೂ ಮಾಡ್ಸಬಹುದಾ ಅಂತ. ಫೋನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸೋ ವಿಷ್ಯ ಇದಲ್ಲ, ಅದಕ್ಕೇ ಎಲ್ಲ ಒಂದೇ ಸಲ ಬರೀತಿದೀನಿ. ಮೇ ಕೊನೇಗೆ ಮಿಷಿನ್ ರೆಡಿಯಾಗಿ ಕೈಗೆ ಬಂತು, ಈಗ ನವೆಂಬರ್, ನಡುವೆ ಒಂದು ಪೂರ್ತಿ ಮಳೆಗಾಲ ಓಡ್ಸಿದೀನಿ. ನಮ್ಮ ಕಡೆ ಮಳೆಗಾಲ ದಾಟದೇ ಯಾವ ಮಿಷಿನ್ ಬಗ್ಗೇನೂ ಮಾತಾಡ್ಬಾರ್ದು ಅನ್ನೋದು ನನ್ನ ಅಭಿಪ್ರಾಯ.

ಮೊದ್ಲು ಶಾಪ್ ಬಗ್ಗೆ ಸ್ವಲ್ಪ. ಅಪ್ಪ ಶುರು ಮಾಡಿದ್ದು, ಎರಡು ಲೇತ್, ಒಂದು ಶೇಪರ್, ಡ್ರಿಲ್ಲಿಂಗ್, ವೆಲ್ಡಿಂಗ್ ಸೆಟ್ಟು, ಆಮೇಲೆ ಪೀಣ್ಯದಿಂದ ಸೆಕೆಂಡ್ ಹ್ಯಾಂಡಲ್ಲಿ ತಂದ ಈ ಮಿಲ್ಲಿಂಗ್ ಮಿಷಿನ್ನು. ಟರೆಟ್ ಟೈಪು, ಎಂ1ಟಿಆರ್ ಅಂತಾರಲ್ಲ ಅದು, ಅಮೆರಿಕದ ಬ್ರಿಡ್ಜ್‌ಪೋರ್ಟಿನವರು 1938ರಲ್ಲಿ ತಂದ ಮಾದರಿಯ ನಮ್ಮ ದೇಶದ ತಮ್ಮ ಅಂತ ಇಟ್ಕೊಳ್ಳಿ, ಕೆಳಗೆ ಟೇಬಲ್ ಹೊತ್ತು ಮೇಲೆ ಕೆಳಗೆ ಹೋಗೋ 'ನೀ' ಅನ್ನೋ ಭಾಗ, ಮೇಲೆ ತಿರುಗೋ ಹೆಡ್ಡು, ಕಟರ್ ತಿರುಗಿಸೋ ಐಎಸ್ಓ 40 ಸ್ಪಿಂಡಲ್. ಕೆಲ್ಸ ಅಂದ್ರೆ ನಮ್ದೆಲ್ಲ ತೋಟದ್ದೇ. ಅರೇಬಿಕಾ ಹಣ್ಣು ಕುಯ್ಯೋಕೆ ಶುರುವಾದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಿಷಿನ್ನಿನ ಶಾಫ್ಟು, ಬೇರಿಂಗ್ ಹೌಸಿಂಗು, ಫೆಬ್ರವರಿ ಮಾರ್ಚಲ್ಲಿ ರೋಬಸ್ಟಾಗೆ ಹೂವಿನ ನೀರು ಕೊಡೋ ಟೈಮಿಗೆ ಸ್ಪ್ರಿಂಕ್ಲರ್ ಪಂಪ್‌ಸೆಟ್ಟಿನ ಕಪ್ಲಿಂಗು, ಫ್ಲೇಂಜು, ಆಮೇಲೆ ಮೆಣಸು ಬಿಡಿಸೋ ಮಿಷಿನ್ನು, ಟ್ರ್ಯಾಕ್ಟರ್ ಟಿಲ್ಲರ್ ಪಾರ್ಟು. ಎಲ್ಲ ಅರ್ಜೆಂಟು, ಎಲ್ಲ ಒಂದೊಂದೇ ಪೀಸು. ಆದ್ರೆ ನಡುವೆ ನಡುವೆ ಇಪ್ಪತ್ತು, ನಲವತ್ತು ಪೀಸಿನ ಆರ್ಡರ್ ಬರ್ತದೆ, ಅದೇ ನಮ್ಮ ಕೈ ತಪ್ಪಿ ಮೈಸೂರಿಗೆ ಹೋಗ್ತಾ ಇದ್ದಿದ್ದು.

ಒಂದು ಫ್ಲೇಂಜ್ ತಗೊಳ್ಳಿ. 16 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು, ನಡುವೆ ಜೋಡಿ ಪಾರ್ಟ್ ಕೂರೋ 70 ಎಂಎಂ ರಿಜಿಸ್ಟರ್, ಸುತ್ತ 120 ಎಂಎಂ ಪಿಸಿಡಿ, ಅಂದ್ರೆ ಹೋಲುಗಳು ಕೂರೋ ಸರ್ಕಲ್ಲಲ್ಲಿ ಎಂಟು 13 ಎಂಎಂ ಹೋಲು. ಹ್ಯಾಂಡಲ್ ತಿರುಗಿಸಿ ಮಾಡ್ಬೇಕಂದ್ರೆ ರೋಟರಿ ಟೇಬಲ್ ಕೂರ್ಸಿ, ಸೆಂಟರ್ ಹಿಡಿದು, ಒಂದೊಂದು ಹೋಲಿಗೂ ಡಿಗ್ರಿ ನೋಡಿ, ಲಾಕ್ ಮಾಡಿ, ಮತ್ತೆ ಬಿಚ್ಚಿ, ಒಂದು ಪೀಸಿಗೆ ಮುಕ್ಕಾಲು ಗಂಟೆ. ನಲವತ್ತು ಪೀಸಲ್ಲಿ ಮೂವತ್ತನೇದಕ್ಕೆ ಬರೋ ಹೊತ್ತಿಗೆ ಎಂಥಾ ಆಪರೇಟರಿಗಾದ್ರೂ ಕಣ್ಣು ಸೋಲ್ತದೆ, ಒಂದು ಹೋಲ್ ತಪ್ತದೆ. ನಮ್ಮಲ್ಲಿ ಅಪ್ಪನ ಕಾಲದಿಂದ ಇರೋ ಆಪರೇಟರ್ ಅಣ್ಣ ಒಬ್ರಿದಾರೆ, ಅವರ ಬಲಗೈ ಭುಜ ಈ ಹ್ಯಾಂಡಲ್ ತಿರುಗಿಸೀ ತಿರುಗಿಸೀ ಹೋಗಿದ್ದು. ನಾನು ಈ ಕೆಲ್ಸಕ್ಕೆ ಕೈ ಹಾಕಿದ್ದಕ್ಕೆ ದುಡ್ಡಿಗಿಂತ ಮೊದ್ಲು ಅದೇ ಕಾರಣ.

ಈಗ ತಪ್ಪು ಹೆಜ್ಜೆ ಕಥೆ, ಯಾಕಂದ್ರೆ ಫೋನ್ ಮಾಡಿದವರಲ್ಲಿ ಅರ್ಧ ಜನ ಅದೇ ಹೆಜ್ಜೆ ಇಡೋಕೆ ಹೊರಟಿದಾರೆ. ಮೊದ್ಲು ಆನ್‌ಲೈನಲ್ಲಿ ಒಂದು ಕಿಟ್ ತರಿಸಿದ್ದೆ, ಪಲ್ಸಿಗೆ ಒಂದೊಂದೇ ಹೆಜ್ಜೆ ತಿರುಗೋ ಮೂರು ಸ್ಟೆಪ್ಪರ್ ಮೋಟಾರು, ಅವನ್ನ ಓಡಿಸೋ ಮೂರು ಡ್ರೈವು, ಒಂದು ಯುಎಸ್‌ಬಿ ಕಾರ್ಡು, ಪವರ್ ಸಪ್ಲೈ, ಎಲ್ಲ ಸೇರಿ ನಲವತ್ತೆರಡು ಸಾವಿರ. ಅಕ್ಕನ ಮಗ ಕುಶಾಲನಗರದ ಪಾಲಿಟೆಕ್ನಿಕ್ಕಲ್ಲಿ ಡಿಪ್ಲೊಮಾ ಮಾಡಿದವ, ಅವನಿಗೆ ಇದರಲ್ಲಿ ಹುಚ್ಚು. ಇಬ್ಬರೂ ಸೇರಿ ಹ್ಯಾಂಡಲ್ ಬಿಚ್ಚಿ ಆ ಜಾಗಕ್ಕೆ ಮೋಟಾರ್ ಕೂರ್ಸಿದ್ವಿ, ಟೇಬಲ್ ಓಡಿಸೋ ಸ್ಕ್ರೂ ಅದೇ ಹಳೇದು. ಸ್ವಿಚ್ ಹಾಕಿದ ತಕ್ಷಣ ಟೇಬಲ್ ತಾನಾಗಿ ಓಡ್ತು, ಶಾಪಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದ್ರು. ಸಂತೋಷ ಸಂಜೆವರೆಗೆ.

ಅಲ್ಯೂಮಿನಿಯಂ ಪ್ಲೇಟಲ್ಲಿ 60 ಎಂಎಂ ರೌಂಡ್ ಪಾಕೆಟ್ ಹೊಡೆಸಿದ್ವಿ. ಕಣ್ಣಿಗೆ ರೌಂಡೇ. ಬೆರಳು ಹಾಕಿ ಒಳಗೋಡೆ ಸುತ್ತ ಸವರಿದ್ರೆ ನಾಲ್ಕು ಕಡೆ ತಡೀತದೆ, ಗಡಿಯಾರದಲ್ಲಿ ಹನ್ನೆರಡು, ಮೂರು, ಆರು, ಒಂಬತ್ತು ಇರೋ ಜಾಗದಲ್ಲಿ ಸರಿಯಾಗಿ. ಸ್ಪಿಂಡಲ್ಲಿಗೆ ಡಯಲ್ (ನೂರನೇ ಒಂದು ಎಂಎಂ ತೋರಿಸೋ ಮುಳ್ಳಿನ ಗೇಜು) ಕಟ್ಟಿ ತಿರುಗಿಸಿದ್ರೆ ಮುಳ್ಳು ಆ ನಾಲ್ಕು ಜಾಗದಲ್ಲಿ ಎಗರ್ತದೆ. ಯಾಕೆ ಅಂದ್ರೆ ಸರ್ಕಲ್ ಹೊಡೆಯುವಾಗ ಆ ನಾಲ್ಕು ಪಾಯಿಂಟಲ್ಲೇ ಎಕ್ಸ್ (ಟೇಬಲ್ ಎಡ ಬಲ) ಅಥವಾ ವೈ (ಹಿಂದೆ ಮುಂದೆ) ದಿಕ್ಕು ಬದಲಿಸೋದು, ದಿಕ್ಕು ಬದಲಿಸಿದಾಗ ಮೋಟಾರ್ ತಿರುಗ್ತದೆ ಆದ್ರೆ ಸ್ಕ್ರೂಗೂ ನಟ್ಟಿಗೂ ನಡುವೆ ಇರೋ ಪ್ಲೇ ಮುಗಿಯೋವರೆಗೆ ಟೇಬಲ್ ನಿಂತಲ್ಲೇ ನಿಂತಿರ್ತದೆ. ನಮ್ಮ ಮಿಷಿನ್ನಲ್ಲಿ ಎಕ್ಸ್‌ನಲ್ಲಿ 0.45, ವೈನಲ್ಲಿ 0.3 ಎಂಎಂ ಪ್ಲೇ ಇತ್ತು. ಕೈಯಲ್ಲಿ ಕೆಲ್ಸ ಮಾಡೋವಾಗ ಇದು ಗೊತ್ತೇ ಆಗಲ್ಲ, ಆಪರೇಟರ್ ಯಾವಾಗ್ಲೂ ಒಂದೇ ಕಡೆಯಿಂದ ಬಂದು ನಿಲ್ಲಿಸ್ತಾನೆ, ಅವನ ಕೈಯೇ ಕಾಂಪೆನ್ಸೇಷನ್. ಕಂಪ್ಯೂಟರಿಗೆ ಆ ಕೈ ಇಲ್ಲ.

ಸಾಫ್ಟ್‌ವೇರಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್ (ಈ ಪ್ಲೇ ಸರಿದೂಗಿಸೋದು) ಅಂತ ಒಂದು ಕಾಲಂ ಇರ್ತದೆ, ಅಲ್ಲಿ 0.45 ಅಂತ ಹೊಡೆದ್ರೆ ಸರಿ ಹೋಗ್ತದೆ ಅಂತ ಸುಮಾರು ಜನ ಹೇಳಿದ್ರು. ಹಾಕಿ ನೋಡಿದ್ವಿ. ಡಯಲ್ ಇಟ್ಟು ಖಾಲಿ ಓಡ್ಸಿದ್ರೆ ಸರಿಯಾಗಿ ಬರ್ತದೆ, ಕಟಿಂಗ್ ಶುರು ಮಾಡಿದ್ರೆ ಕೆಡ್ತದೆ. ಕಟರ್ ತಿರುಗೋ ದಿಕ್ಕಲ್ಲೇ ಫೀಡ್ ಕೊಟ್ರೆ, ಕ್ಲೈಂಬ್ ಕಟಿಂಗ್ ಅಂತೀವಲ್ಲ, ಕಟರೇ ಟೇಬಲ್ಲನ್ನ ತನ್ನ ಕಡೆ ಎಳ್ಕೊಳ್ತದೆ, ಪ್ಲೇ ಎಷ್ಟಿದೆಯೋ ಅಷ್ಟು ಟೇಬಲ್ ಧಡಕ್ಕನೆ ಮುಂದೆ ಹೋಗ್ತದೆ. ಒಂದು 10 ಎಂಎಂ ಕಾರ್ಬೈಡ್ ಎಂಡ್ ಮಿಲ್ ಹಾಗೇ ಮುರೀತು. ಸಾಫ್ಟ್‌ವೇರ್ ಮೋಟಾರನ್ನ ತಿರುಗಿಸಬಹುದು, ಟೇಬಲ್ಲನ್ನ ಹಿಡಿದಿಡೋದು ಅದರ ಕೈಲಿಲ್ಲ, ಅದು ಸ್ಕ್ರೂ ಕೆಲ್ಸ. ಆ ಯುಎಸ್‌ಬಿ ಕಾರ್ಡ್ ಬೇರೆ ವಿಎಫ್‌ಡಿ (ಸ್ಪಿಂಡಲ್ ಮೋಟಾರಿನ ಸ್ಪೀಡ್ ಬದಲಿಸೋ ಡ್ರೈವು) ಆನ್ ಮಾಡಿದಾಗೆಲ್ಲ ಕಂಪ್ಯೂಟರಿಂದ ಕನೆಕ್ಷನ್ ಕಳ್ಕೊಳ್ತಿತ್ತು. ಮಾರಿದವರಿಗೆ ಮೂರು ಸಲ ಬರೆದೆ, ಉತ್ತರ ಬರ್ಲಿಲ್ಲ. ಹೆಸರು ಬರೆಯಲ್ಲ, ಅದೇ ಡಬ್ಬ ಹತ್ತು ಹೆಸರಲ್ಲಿ ಸಿಗ್ತದೆ. ಆ ಕಿಟ್ಟಿಗೆ ನನ್ನ ಕಡೆಯಿಂದ ಐದಕ್ಕೆ ಒಂದು ಸ್ಟಾರು, ಆ ಒಂದೂ ಮೋಟಾರು ಚೆನ್ನಾಗಿದ್ದಿದ್ದಕ್ಕೆ.

ಆಮೇಲೆ ಸಿಕ್ಕಿದ್ದು ಹಳೇ ಮಿಷಿನ್ನಿಗೆ ಹೊಸ ಕಂಟ್ರೋಲ್ ಹಾಕಿಕೊಡೋ ಮೈಸೂರಿನ ಒಂದು ರೆಟ್ರೋಫಿಟ್ ಶಾಪು, ಈ ರಿವ್ಯೂ ಮುಖ್ಯವಾಗಿ ಅವರದ್ದೇ. ಕೆಳಗೆ ಅವರ ತಪ್ಪೂ ಬರೀತಿದೀನಿ, ಹಾಗಾಗಿ ಅವರ ಹೆಸರೂ ಹಾಕಲ್ಲ. ಪಿರಿಯಾಪಟ್ಟಣ, ಹುಣಸೂರು ದಾಟಿ ನಾನೇ ಹೋಗಿ ಅವರಲ್ಲಿ ಓಡ್ತಿದ್ದ ಎರಡು ಮಿಷಿನ್ ನೋಡ್ದೆ, ಆಮೇಲೆ ಅವರ ಮೇಸ್ತ್ರಿ ಇಲ್ಲಿಗೆ ಬಂದ್ರು. ಅರವತ್ತು ದಾಟಿದ ಮನುಷ್ಯ. ನಾನು ಮೋಟಾರು, ಕಾರ್ಡು ಅಂತ ಮಾತು ಶುರು ಮಾಡಿದ್ರೆ ಅವರು ಕೇಳಿಸ್ಕೊಳ್ಳೋ ಹಾಗೇ ಇಲ್ಲ. ಟೇಬಲ್ಲಿನ ಒಂದು ತುದಿಗೆ ಡಯಲ್ ಮ್ಯಾಗ್ನೆಟ್ ಕೂರ್ಸಿ, ಇನ್ನೊಂದು ತುದಿ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿ, ಮುಳ್ಳು ನೋಡಿ, ಟೇಬಲ್ಲನ್ನ ನಡುವಿಗೆ ತಂದು ಮತ್ತೆ ತಳ್ಳಿ, ಕೊನೇಗೆ ತಂದು ಮತ್ತೆ ತಳ್ಳಿ, ಚೀಟಿಯಲ್ಲಿ ಬರ್ಕೊಂಡ್ರು. ನಡುವಲ್ಲಿ ಸಡಿಲ, ಎರಡು ತುದಿಯಲ್ಲಿ ಬಿಗಿ. ಇಷ್ಟು ವರ್ಷ ಎಲ್ಲ ಜಾಬೂ ನಡುವೆಯೇ ಕೂರ್ಸಿ ಮಾಡಿದ್ದಕ್ಕೆ ಸ್ಲೈಡ್ ಅಲ್ಲಿ ಮಾತ್ರ ತಿಂದಿದೆ. "ಸಾರ್, ಮೊದ್ಲು ಬೆಡ್ಡು, ಆಮೇಲೆ ಸ್ಕ್ರೂ, ಆಮೇಲೆ ಬೇರಿಂಗು. ಕಂಪ್ಯೂಟರ್ ಕೊನೇ ವಾರ ನೋಡಣ" ಅಂದ್ರು. ಆವಾಗ್ಲೇ ನಂಗೆ ನಂಬಿಕೆ ಬಂತು.

ಅವರು ಇಲ್ಲೇ ಲಾಡ್ಜಲ್ಲಿ ಉಳ್ಕೊಂಡು ಮಿಷಿನ್ ಪೂರ್ತಿ ಬಿಚ್ಚಿದ್ರು. ಟೇಬಲ್ ಕೆಳಗಿನ ಸ್ಯಾಡಲ್ಲಿನ ಸ್ಲೈಡಿಗೆ ಬ್ಲೂ (ಉಬ್ಬು ತೋರಿಸೋ ನೀಲಿ ಬಣ್ಣ) ಹಚ್ಚಿ, ತಿಕ್ಕಿ, ಎಲ್ಲಿ ಬಣ್ಣ ಹತ್ತಿದೆಯೋ ಆ ಉಬ್ಬನ್ನ ಸ್ಕ್ರೇಪರಲ್ಲಿ ಕೆರೆದು, ಮತ್ತೆ ಬ್ಲೂ ಹಚ್ಚಿ, ಮತ್ತೆ ಕೆರೆದು, ಹೀಗೆ ನಾಲ್ಕು ದಿನ. ಕೊನೇ ದಿನ ನೋಡಿದ್ರೆ ಸ್ಲೈಡ್ ಮೇಲೆ ಒಂದೇ ಸಮ ಚುಕ್ಕಿ ಚುಕ್ಕಿ, ಬೆಳಿಗ್ಗೆ ಇಬ್ಬನಿ ಬಿದ್ದ ಹಾಗೆ. ಸಣ್ಣ ಸಣ್ಣ ಗುಂಡಿಯಲ್ಲಿ ಆಯಿಲ್ ನಿಲ್ತದೆ, ಅದಕ್ಕೆ ಟೇಬಲ್ ಅಂಟದೇ ಓಡ್ತದೆ ಅಂತ ಹೇಳ್ಕೊಟ್ರು. ಸ್ಲೈಡಿನ ಸಡಿಲ ತೆಗೆಯೋ ಪಟ್ಟಿ, ಗಿಬ್ ಅಂತಾರೆ, ಅದನ್ನೂ ಹೊಸದು ಹಾಕಿದ್ರು. ಈ ಒಂದು ಕೆಲ್ಸಕ್ಕೇ ನಾನು ಅವರಿಗೆ ಕೊಟ್ಟ ದುಡ್ಡು ಸಾರ್ಥಕ, ಮೋಟಾರ್ ಹಾಕದೇ ಇದ್ದಿದ್ರೂ ಮಿಷಿನ್ ಹೊಸ ಜೀವ ಪಡೀತಿತ್ತು.

ಸ್ಕ್ರೂ ಬಗ್ಗೆ. ಹಳೇ ಟ್ರೆಪಿಜಾಯ್ಡಲ್ ಸ್ಕ್ರೂ ತೆಗೆದು ಎಕ್ಸ್, ವೈ ಎರಡಕ್ಕೂ 25 ಎಂಎಂ ದಪ್ಪ, 5 ಎಂಎಂ ಲೀಡಿನ (ಒಂದು ಸುತ್ತಿಗೆ 5 ಎಂಎಂ ಓಡೋ) ಬಾಲ್ ಸ್ಕ್ರೂ, ಅಂದ್ರೆ ನಟ್ಟೊಳಗೆ ಗುಂಡುಗಳ ಮೇಲೆ ಉರುಳೋ ಸ್ಕ್ರೂ, ಡಬಲ್ ನಟ್ಟು. ಎರಡು ನಟ್ಟನ್ನ ಒಂದಕ್ಕೊಂದು ವಿರುದ್ಧ ಒತ್ತಿ ಪ್ರೀಲೋಡ್ ಕೊಟ್ಟಿರೋದ್ರಿಂದ ಪ್ಲೇ ಅನ್ನೋದೇ ಉಳಿಯಲ್ಲ. ಕ್ಲಾಸ್ ಸಿ7, ಅಂದ್ರೆ 300 ಎಂಎಂ ಓಡಿದ್ರೆ 0.05 ಎಂಎಂ ವರೆಗೆ ತಪ್ಪು ಇರಬಹುದು ಅನ್ನೋ ಗ್ರೇಡು, ರೋಲ್ ಮಾಡಿದ್ದು. ಗ್ರೈಂಡ್ ಮಾಡಿದ ಸಿ5, ಸಿ3 ಸಿಗ್ತದೆ ಆದ್ರೆ ರೇಟು ನೋಡಿ ಬಿಟ್ಟೆ, ತೋಟದ ಪಂಪಿಗೆ ಅದು ಬೇಕಾಗಿಲ್ಲ. ಸ್ಕ್ರೂ ತುದಿಗೆ ರೆಡಿಮೇಡ್ ಬ್ಲಾಕ್ ಬದಲು ಅವರೇ ಹೌಸಿಂಗ್ ಟರ್ನ್ ಮಾಡಿ, 7204 ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ ಬೆನ್ನಿಗೆ ಬೆನ್ನು ಕೂರ್ಸಿದ್ರು. ಇದು ಮುಖ್ಯ, ಬರ್ಕೊಳ್ಳಿ: ಸ್ಕ್ರೂ ಎಷ್ಟೇ ಒಳ್ಳೇದಾದ್ರೂ ತುದಿಯ ಬೇರಿಂಗಲ್ಲಿ ಸ್ಕ್ರೂನೇ ಹಿಂದೆ ಮುಂದೆ ಆಡ್ತಾ ಇದ್ರೆ ಪ್ಲೇ ವಾಪಸ್ ಬಂದ ಹಾಗೇ. ಬಾಲ್ ನಟ್ಟು ಹಳೇ ನಟ್ಟಿಗಿಂತ ದಪ್ಪ, ಸ್ಯಾಡಲ್ ಒಳಗೆ ಜಾಗ ಸಾಲದೇ ಕಾಸ್ಟಿಂಗಲ್ಲಿ ಸ್ವಲ್ಪ ಕೊರೀಬೇಕಾಯ್ತು, ಅದಕ್ಕೆ ಸ್ಯಾಡಲ್ಲನ್ನ ಮೈಸೂರಿಗೆ ತಗೊಂಡು ಹೋಗಿ ತಂದ್ರು, ಅಲ್ಲೇ ಒಂದು ವಾರ ಹೋಯ್ತು.

ಎಲ್ಲ ಕೂತ ಮೇಲೆ ಡಯಲ್ ಇಟ್ಟು ಎಡದಿಂದ ಬಂದು ಸೊನ್ನೆ, ಬಲದಿಂದ ಬಂದು ಸೊನ್ನೆ, ಹತ್ತು ಸಲ ಮಾಡಿ ತೋರ್ಸಿದ್ರು. ಮುಳ್ಳು ಒಂದೂವರೆ ಗೆರೆ, ಅಂದ್ರೆ 0.015 ದಾಟಲಿಲ್ಲ. ಮುಂಚೆ 45 ಗೆರೆ ಇದ್ದ ಜಾಗ. ನಾನು ಮಾತಾಡ್ಲಿಲ್ಲ, ಆಪರೇಟರ್ ಅಣ್ಣ ಬಂದು ತಾನೇ ಒಂದು ಸಲ ತಳ್ಳಿ ನೋಡಿ ತಲೆ ಆಡಿಸಿದ್ರು.

ಮೋಟಾರು ನೆಮಾ 34 ಸೈಜಿನ ಕ್ಲೋಸ್ಡ್ ಲೂಪ್ ಸ್ಟೆಪ್ಪರು. ಮಾಮೂಲಿ ಸ್ಟೆಪ್ಪರಿಗೂ ಇದಕ್ಕೂ ವ್ಯತ್ಯಾಸ ಏನಂದ್ರೆ ಹಿಂದೆ ಎಷ್ಟು ತಿರುಗಿತು ಅಂತ ನೋಡೋ ಎನ್‌ಕೋಡರ್ ಇರ್ತದೆ, ಲೋಡ್ ಜಾಸ್ತಿಯಾಗಿ ಹಿಂದೆ ಬಿದ್ರೆ ಡ್ರೈವಿಗೆ ಗೊತ್ತಾಗಿ ಸರಿ ಮಾಡ್ತದೆ, ಆಗದಿದ್ರೆ ಅಲಾರಂ ಕೊಟ್ಟು ನಿಲ್ತದೆ. ಮಾಮೂಲಿ ಸ್ಟೆಪ್ಪರ್ ಸ್ಟೆಪ್ ಬಿಟ್ರೂ ಯಾರಿಗೂ ಹೇಳಲ್ಲ, ಜಾಬ್ ಮುಗಿದು ಅಳತೆ ನೋಡಿದಾಗ್ಲೇ ಗೊತ್ತಾಗೋದು. ನಡುವೆ 5ಎಂ ಬೆಲ್ಟು, ಎರಡಕ್ಕೆ ಒಂದು ರಿಡಕ್ಷನ್. ಲೆಕ್ಕ ಸುಲಭ: ಮೋಟಾರ್ ಒಂದು ಸುತ್ತಿಗೆ 1600 ಪಲ್ಸು, ಸ್ಕ್ರೂ ಒಂದು ಸುತ್ತಿಗೆ 3200, ಲೀಡ್ 5 ಎಂಎಂ, ಹಾಗಾಗಿ ಒಂದು ಎಂಎಂಗೆ 640 ಪಲ್ಸು. ಸರ್ವೋ ಹಾಕ್ಸಿದ್ರೆ ಇನ್ನೂ ಸ್ಪೀಡ್ ಸಿಗ್ತಿತ್ತು, ನಂಗೆ ನಿಮಿಷಕ್ಕೆ 1500 ಎಂಎಂ ಓಡಿದ್ರೆ ಸಾಕು, ಓಡ್ತದೆ.

ಕಂಟ್ರೋಲರ್ ಲಿನಕ್ಸ್‌ಸಿಎನ್‌ಸಿ. ಇದಕ್ಕೆ ನಾನು ಮೊದ್ಲು ಹೆದರಿದ್ದೆ, ವಿಂಡೋಸೇ ಸರಿಯಾಗಿ ಬರಲ್ಲ ಇನ್ನು ಲಿನಕ್ಸ್ ಎಲ್ಲಿಂದ ಅಂತ. ಈಗ ಹೇಳ್ತೀನಿ, ಈ ಪೂರ್ತಿ ಕೆಲ್ಸದಲ್ಲಿ ಒಂದು ಪೈಸೆ ಖರ್ಚಿಲ್ಲದೇ ಸಿಕ್ಕಿದ್ದು ಅದೊಂದೇ, ಒಂದು ದಿನವೂ ತೊಂದ್ರೆ ಕೊಡದೇ ಇದ್ದಿದ್ದೂ ಅದೊಂದೇ. ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆ ನಿಸ್ಟ್‌ನವರು 1990ರ ದಶಕದಲ್ಲಿ ಇಎಂಸಿ ಅಂತ ಮಾಡಿದ ಪ್ರೋಗ್ರಾಮು, ಆಮೇಲೆ ಪ್ರಪಂಚದ ಎಲ್ಲ ಕಡೆಯ ಮಿಷಿನಿಸ್ಟುಗಳು, ಪ್ರೋಗ್ರಾಮರುಗಳು ಸೇರಿ ಬೆಳೆಸಿದ್ದು. ಒಂದು ಹಳೇ ಆಫೀಸ್ ಕಂಪ್ಯೂಟರು, ಅದಕ್ಕೆ ನೆಟ್‌ವರ್ಕ್ ಕೇಬಲಲ್ಲಿ ಮೆಸಾ ಅನ್ನೋ ಕಂಪನಿಯ ಒಂದು ಕಂಟ್ರೋಲ್ ಕಾರ್ಡು, ಪಲ್ಸ್ ಕೊಡೋ ಕೆಲ್ಸ ಎಲ್ಲ ಆ ಕಾರ್ಡೇ ಮಾಡ್ತದೆ. ಸ್ಕ್ರೂನ ತಪ್ಪನ್ನ ಜಾಗ ಜಾಗಕ್ಕೆ ಬರೆದಿಟ್ರೆ ಅದು ಸರಿ ಮಾಡ್ಕೊಂಡು ಓಡ್ತದೆ, ಸ್ಲಿಪ್ ಗೇಜ್ (ಕರಾರುವಾಕ್ ಅಳತೆಯ ಉಕ್ಕಿನ ತುಂಡು) ಇಟ್ಟು ಅಳೆದು ಆ ಫೈಲ್ ಮಾಡಿದ್ದು ಅಕ್ಕನ ಮಗ. ಅವನೇ ಒಂದು ದಿನ ಹೇಳ್ದ, "ಮಾವ, ಪ್ರಪಂಚದ ಮೊದಲನೇ ಎನ್‌ಸಿ (ನಂಬರ್ ಕೊಟ್ಟು ಓಡಿಸೋ) ಮಿಲ್ಲಿಂಗ್ ಮಿಷಿನ್ನೂ ಹೀಗೇ ಹಳೇ ಮಿಷಿನ್ನಿಗೆ ಕಟ್ಟಿದ್ದಂತೆ" ಅಂತ. ನಿಜವೇ, ಹೆಲಿಕಾಪ್ಟರ್ ರೆಕ್ಕೆ ಮಾಡ್ತಿದ್ದ ಜಾನ್ ಪಾರ್ಸನ್ಸ್ ಅನ್ನೋರ ಯೋಚನೆ, ಅದರ ಮೇಲೆ ಎಂಐಟಿಯವರು 1952ರಲ್ಲಿ ಓಡ್ಸಿ ತೋರ್ಸಿದ ಮಿಷಿನ್ನು ಸಿನ್ಸಿನಾಟಿ ಕಂಪನಿಯ ಒಂದು ಮಾಮೂಲಿ ಮಿಲ್ಲಿಂಗ್ ಮಿಷಿನ್ನೇ, ಅದಕ್ಕೆ ಮೋಟಾರು, ಪಂಚ್ ಟೇಪು ಕಟ್ಟಿ ಮಾಡಿದ್ದು. ಹಳೇ ಮಿಷಿನ್ನಿಗೆ ಯಾಕೆ ಇಷ್ಟು ಖರ್ಚು ಅಂತ ಕೇಳೋರಿಗೆ ನಾನೀಗ ಇದನ್ನೇ ಹೇಳೋದು.

ಇನ್ನು ಅವರ ತಪ್ಪಿಗೆ ಬರ್ತೀನಿ. ಝಡ್, ಅಂದ್ರೆ ಮೇಲೆ ಕೆಳಗೆ ಓಡೋ ಆಕ್ಸಿಸ್ ವಿಷ್ಯ. ನೀ ಎತ್ತೋಕೆ ಮೋಟಾರ್ ಹಾಕಿದ್ರೆ ಟೇಬಲ್ಲು, ಸ್ಯಾಡಲ್ಲು, ವೈಸು ಎಲ್ಲದರ ಭಾರ ಅದೇ ಎತ್ತಬೇಕು, ಅದಕ್ಕೆ ನೀ ಹ್ಯಾಂಡಲಲ್ಲೇ ಬಿಟ್ಟು ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಹೋಗೋ ಕ್ವಿಲ್ಲಿಗೆ 16 ಎಂಎಂ ಬಾಲ್ ಸ್ಕ್ರೂ ಹಾಕಿ ಅದನ್ನೇ ಝಡ್ ಮಾಡಿದ್ರು. ಅದು ಸರಿಯಾದ ತೀರ್ಮಾನವೇ. ಆದ್ರೆ ಕ್ವಿಲ್ಲನ್ನ ಮೇಲೆ ಎಳೆಯೋ ಹಳೇ ಸ್ಪ್ರಿಂಗ್ ಅಡ್ಡ ಬರ್ತದೆ ಅಂತ ತೆಗೆದುಬಿಟ್ರು, ಮೋಟಾರಿಗೆ ಬ್ರೇಕ್ ಹಾಕಲಿಲ್ಲ. ಹಳೇ ಟ್ರೆಪಿಜಾಯ್ಡಲ್ ಸ್ಕ್ರೂ ಆಗಿದ್ರೆ ನಿಲ್ಲಿಸಿದಲ್ಲೇ ನಿಲ್ತದೆ, ಉಜ್ಜಾಟವೇ ಅದಕ್ಕೆ ಬ್ರೇಕು. ಬಾಲ್ ಸ್ಕ್ರೂನಲ್ಲಿ ಹಾಕಿದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಕೆಲ್ಸಕ್ಕೇ ಹೋಗ್ತದೆ, ಅದೇ ಅದರ ಗುಣ, ಅದೇ ಇಲ್ಲಿ ಅದರ ತೊಂದ್ರೆ: ಮೋಟಾರಿಗೆ ಕರೆಂಟ್ ಇಲ್ಲದಿದ್ರೆ ಭಾರ ತಾನಾಗಿ ಸ್ಕ್ರೂ ತಿರುಗಿಸ್ಕೊಂಡು ಕೆಳಗೆ ಬರ್ತದೆ.

ಜುಲೈ, ಎರಡು ದಿನದಿಂದ ಬಿಡದ ಮಳೆ ಗಾಳಿ. ಮೆಣಸು ಬಿಡಿಸೋ ಮಿಷಿನ್ನಿನ ಬೇರಿಂಗ್ ಹೌಸಿಂಗು, ಕಾಸ್ಟ್ ಐರನ್ನು, 6206 ಬೇರಿಂಗ್ ಕೂರೋ 62 ಎಂಎಂ ಬೋರು, 16ರ ಎಂಡ್ ಮಿಲ್ ಸುತ್ತು ಹಾಕ್ಕೊಂಡು ಕೆಳಗಿಳೀತಿತ್ತು, ಕೊನೇ ಫಿನಿಷ್ ಪಾಸು. ಎಲ್ಲೋ ಲೈನ್ ಮೇಲೆ ಮರ ಬಿತ್ತು, ಟ್ಯೂಬ್‌ಲೈಟ್ ಆಫು. ಕತ್ತಲಲ್ಲಿ ಸ್ಪಿಂಡಲ್ ಇನ್ನೂ ಜಡತ್ವದಲ್ಲಿ ತಿರುಗ್ತಾ ಇರೋ ಸದ್ದು, ಆ ಸದ್ದು ಇದ್ದಕ್ಕಿದ್ದ ಹಾಗೆ ದಪ್ಪ ಆಯ್ತು, ಕಿರ್ರ್ ಅಂತ ಒಂದು ಕೂಗು, ಆಮೇಲೆ ಟಕ್. ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಕ್ವಿಲ್ ನಾಲ್ಕು ಎಂಎಂ ಕೆಳಗೆ ಜಾರಿ ಕಟರ್ ಬೇರಿಂಗ್ ಕೂರೋ ಮೆಟ್ಟಿಲೊಳಗೆ ಹೂತಿದೆ, ಕಟರಿನ ಎರಡು ಹಲ್ಲು ಹೋಗಿದೆ, ಹೌಸಿಂಗ್ ಮೇಲೆ ಅರ್ಧಚಂದ್ರದ ಹಾಗೆ ಗಾಯ. ಆ ಹೌಸಿಂಗ್ ಗಿರಾಕಿಯದ್ದು, ಅದಕ್ಕೆ ಸ್ಪೇರ್ ಸಿಗಲ್ಲ. ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳ್ದೆ, ಗಾಯಕ್ಕೆ ವೆಲ್ಡಿಂಗ್ ತುಂಬಿ ಮತ್ತೆ ಬೋರ್ ಮಾಡಿ ಕೊಟ್ಟೆ, ಅದಕ್ಕೆ ದುಡ್ಡು ತಗೊಳ್ಲಿಲ್ಲ. ಅವತ್ತು ಯಾರಾದ್ರೂ ಟೂಲ್ ಹತ್ರ ಕೈ ಇಟ್ಟಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿ ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮೈಸೂರಿನವರಿಗೆ ಹೇಳಿದಾಗ "ಬ್ರೇಕ್ ಮೋಟಾರ್ ಎಕ್ಸ್‌ಟ್ರಾ ಆಗ್ತದೆ ಅಂತ ಹಾಕಿರ್ಲಿಲ್ಲ" ಅಂದ್ರು. ಇದು ನಂಗೆ ಬೇಜಾರಾಗಿದ್ದು. ಒಂಬತ್ತು ಸಾವಿರದ ವಿಷ್ಯ, ನನ್ನ ಕೇಳಿದ್ರೆ ಆವತ್ತೇ ಹಾಕಿ ಅಂತಿದ್ದೆ, ಗುಡ್ಡದ ಊರು, ಮಳೆ ಬಂದ್ರೆ ಕರೆಂಟ್ ಹೋಗ್ತದೆ ಅಂತ ಮೊದಲನೇ ದಿನವೇ ಹೇಳಿದ್ದೆ. ಆದ್ರೆ ಇದನ್ನೂ ಹೇಳ್ಬೇಕು, ಮೂರನೇ ದಿನಕ್ಕೆ ಮಳೆಯಲ್ಲೇ ಬಂದು ಹಾಕಿಕೊಟ್ರು, ಕೂಲಿ ತಗೊಳ್ಲಿಲ್ಲ, ಬ್ರೇಕಿನ ಅಸಲು ಮಾತ್ರ. 24 ವೋಲ್ಟಿನ ಬ್ರೇಕು, ಕರೆಂಟ್ ಇದ್ರೆ ಬಿಡ್ತದೆ, ಹೋದ ಕ್ಷಣ ಹಿಡಿತದೆ. ಜೊತೆಗೆ ನಾನು ಕಂಪ್ಯೂಟರಿಗೂ ಕಾರ್ಡಿಗೂ ಒಂದು ಯುಪಿಎಸ್ ಹಾಕ್ಸಿ, ಮೈನ್ ಲೈನ್ ಹೋದ್ರೆ ಎಮರ್ಜೆನ್ಸಿ ಸ್ಟಾಪ್ ಬೀಳೋ ಹಾಗೆ ಒಂದು ರಿಲೇ ಕೊಡ್ಸಿದೆ. ಈಗ ಕರೆಂಟ್ ಹೋದ್ರೆ ಎಲ್ಲ ಇದ್ದಲ್ಲೇ ನಿಲ್ತದೆ, ಯಾವ ಲೈನಲ್ಲಿತ್ತು ಅಂತ ಸ್ಕ್ರೀನಲ್ಲಿ ಕಾಣ್ತದೆ. ಕರೆಂಟ್ ಬಂದ್ಮೇಲೆ ಹೋಮ್ ಮಾಡಿ (ಮಿಷಿನ್ನಿಗೆ ಸೊನ್ನೆ ಜಾಗ ಮತ್ತೆ ತೋರ್ಸಿ), ಡಯಲಲ್ಲಿ ಸೆಂಟರ್ ಒಂದ್ಸಲ ನೋಡ್ಕೊಂಡು ಆ ಲೈನಿಂದ ಮುಂದುವರಿಸ್ತೀವಿ. ಆಗಸ್ಟಲ್ಲಿ ಒಂದೇ ಜಾಬಿಗೆ ಐದು ಸಲ ಕರೆಂಟ್ ಹೋಗಿ ಬಂತು, ಜಾಬ್ ಸರಿಯಾಗೇ ಬಂತು.

ವಿಎಫ್‌ಡಿ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಮೂರು ಫೇಸಲ್ಲಿ ಒಂದು ಇಲ್ಲದಿರೋದು ನಮ್ಮಲ್ಲಿ ಮಾಮೂಲಿ, ಅದಕ್ಕೆ ಸಿಂಗಲ್ ಫೇಸ್ ತಗೊಂಡು 230 ವೋಲ್ಟಿನ ಮೂರು ಫೇಸ್ ಕೊಡೋ ವಿಎಫ್‌ಡಿ ಹಾಕ್ಸಿ, ಸ್ಟಾರ್ ಕನೆಕ್ಷನಲ್ಲಿದ್ದ ಸ್ಪಿಂಡಲ್ ಮೋಟಾರನ್ನ ಡೆಲ್ಟಾ ಕನೆಕ್ಷನಿಗೆ ಬದಲಾಯಿಸಿದ್ವಿ. ನೇಮ್ ಪ್ಲೇಟಲ್ಲಿ ಎರಡೂ ವೋಲ್ಟೇಜ್ ಬರೆದಿದ್ಯಾ ನೋಡದೇ ಇದನ್ನ ಮಾಡ್ಬೇಡಿ. ಶುರುವಲ್ಲಿ ಸ್ಪಿಂಡಲ್ ಆನ್ ಮಾಡಿದ ತಕ್ಷಣ ಲಿಮಿಟ್ ಸ್ವಿಚ್ ಹೊಡೀತು ಅಂತ ಸುಳ್ಳು ಅಲಾರಂ ಬರ್ತಿತ್ತು. ಶೀಲ್ಡ್ ಇರೋ ಕೇಬಲ್ ಹಾಕಿ, ಮೋಟಾರ್ ಕೇಬಲ್ಲನ್ನ ಸೆನ್ಸರ್ ವೈರಿಂದ ಬೇರೆ ದಾರೀಲಿ ಎಳೆದು, ಹೊಸ ಅರ್ತ್ ಪಿಟ್ ತೋಡ್ಸಿದ ಮೇಲೆ ಒಂದು ಸಲವೂ ಬಂದಿಲ್ಲ. ಬೇಸಿಗೇಲಿ ಪಿಟ್ಟಿಗೆ ನೀರು ಹಾಕ್ತಾ ಇರ್ಬೇಕು.

ಇನ್ನೊಂದು ನಮ್ಮೂರಿಗೇ ಸೇರಿದ್ದು, ತೇವ. ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಕಬ್ಬಿಣಕ್ಕೆ ರಾತ್ರಿ ಬೆಳಗಾಗೋದ್ರೊಳಗೆ ಕೆಂಪು ಕೂರ್ತದೆ. ಪ್ಯಾನಲ್ ಒಳಗೆ ಒಂದು ಸಣ್ಣ ಹೀಟರು ಇಪ್ಪತ್ತನಾಲ್ಕು ಗಂಟೆ ಆನು, ಸಿಲಿಕಾ ಜೆಲ್ ಡಬ್ಬ, ಕೇಬಲ್ ಬರೋ ತೂತಿಗೆಲ್ಲ ಗ್ಲ್ಯಾಂಡು, ಇಲ್ಲಾಂದ್ರೆ ಹಲ್ಲಿ, ಇರುವೆ ಒಳಗೆ ಮನೆ ಮಾಡ್ತವೆ. ಟೇಬಲ್ಲಿಗೆ ದಿನಾ ಸಂಜೆ 68 ನಂಬರ್ ಸ್ಲೈಡ್‌ವೇ ಆಯಿಲ್ ಸವರಿ ಬಟ್ಟೆ ಹೊದೆಸ್ತೀವಿ. ಬಾಲ್ ಸ್ಕ್ರೂಗೆ ತುಕ್ಕು ಹಿಡಿದ್ರೆ ಅದು ಮುಗೀತು, ಕೆರೆದು ಸರಿ ಮಾಡೋ ವಸ್ತು ಅಲ್ಲ ಅದು.

ಖರ್ಚು ಬಿಚ್ಚಿ ಹೇಳ್ತೀನಿ, ಎಲ್ಲರೂ ಕೇಳೋದು ಅದೇ. ಬಾಲ್ ಸ್ಕ್ರೂ, ಬೇರಿಂಗು, ಹೌಸಿಂಗು 95 ಸಾವಿರ. ಮೂರು ಮೋಟಾರು ಡ್ರೈವು 85 ಸಾವಿರ. ಕಾರ್ಡು, ಪ್ಯಾನಲ್ಲು, ವಿಎಫ್‌ಡಿ, ವೈರಿಂಗು 60 ಸಾವಿರ. ಸ್ಕ್ರೇಪಿಂಗು, ಫಿಟಿಂಗು, ಅವರ ಇರೋದು ಊಟ ಎಲ್ಲ ಸೇರಿ 1 ಲಕ್ಷ 20 ಸಾವಿರ. ಬ್ರೇಕು 9 ಸಾವಿರ, ಸಾಗಾಣಿಕೆ 11 ಸಾವಿರ. ಒಟ್ಟು 3 ಲಕ್ಷ 80 ಸಾವಿರ. ಮೊದ್ಲು ಹಾಳಾದ ಕಿಟ್ಟಿನ 42 ಸಾವಿರ ಇದರಲ್ಲಿಲ್ಲ. ನೋಡಿ, ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಗಿದ್ದು ಕಬ್ಬಿಣಕ್ಕೆ, ಕೈ ಕೆಲ್ಸಕ್ಕೆ. ಯಾರಾದ್ರೂ ಕೊಟೇಷನಲ್ಲಿ ಇದನ್ನ ಉಲ್ಟಾ ಬರೆದು ಕೊಟ್ರೆ, ಹಳೇ ಸ್ಕ್ರೂ ಹಾಗೇ ಇರ್ಲಿ ಅಂದ್ರೆ, ಅಡ್ವಾನ್ಸ್ ಕೊಡ್ಬೇಡಿ.

ಲಾಭ? ಆ ಫ್ಲೇಂಜು ಈಗ ಒಂದು ಪೀಸಿಗೆ ಹನ್ನೊಂದು ನಿಮಿಷ. ರಿಜಿಸ್ಟರ್ ಹೊಡೆದು ನಿಲ್ತದೆ, ನಾವು ಟೂಲ್ ಬದಲಿಸಿಕೊಟ್ರೆ ಎಂಟು ಹೋಲ್ ಡ್ರಿಲ್ ಮಾಡಿ ಮುಗಿಸ್ತದೆ. ನಲವತ್ತನೇ ಪೀಸು ಮೊದಲನೇ ಪೀಸಿನ ಮೇಲೆ ಇಟ್ರೆ ಎಂಟು ಬೋಲ್ಟೂ ಕೈಯಲ್ಲೇ ಇಳೀತವೆ. 60 ಎಂಎಂ ಪಾಕೆಟ್ ಮತ್ತೆ ಹೊಡೆಸಿ ಬೆರಳು ಹಾಕಿ ಸವರಿದೆ, ಎಲ್ಲೂ ತಡೀಲಿಲ್ಲ. ಆದ್ರೆ ಇದು ವಿಎಂಸಿ (ಫ್ಯಾಕ್ಟರಿಯಿಂದಲೇ ಸಿಎನ್‌ಸಿ ಆಗಿ ಬರೋ ದೊಡ್ಡ ಮಿಲ್ಲಿಂಗ್ ಮಿಷಿನ್) ಅಲ್ಲ, ಆ ಆಸೆ ಇಟ್ಕೊಂಡು ಮಾಡ್ಸಬೇಡಿ. ಟೂಲ್ ಚೇಂಜರ್ ಇಲ್ಲ, ಸುತ್ತ ಕವರ್ ಇಲ್ಲ, ಕೂಲೆಂಟ್ ಜೋರಾಗಿ ಬಿಟ್ರೆ ನೆಲ ಪೂರ್ತಿ ಒದ್ದೆ, ಸ್ಟೀಲಲ್ಲಿ ಆಳಕ್ಕೆ ಕಟ್ ತಗೊಂಡ್ರೆ ಹೆಡ್ ನಡುಗ್ತದೆ. ದಿನಾ ಇನ್ನೂರು ಪೀಸ್ ಮಾಡೋರಿಗೆ ಇದು ಸಾಲಲ್ಲ. ನಂಗೆ ಸಿಕ್ಕ ಹೊಸ ವಿಎಂಸಿ ಕೊಟೇಷನ್ 20 ಲಕ್ಷದ ಮೇಲಿತ್ತು, ಅದಕ್ಕೆ ಬೇಕಾದ ಕರೆಂಟೂ ನಮ್ಮ ಲೈನಲ್ಲಿ ಬರಲ್ಲ.

ಅಣ್ಣನ ಬಗ್ಗೆ ಹೇಳದೇ ಮುಗಿಸೋಕಾಗಲ್ಲ. ಕಂಪ್ಯೂಟರ್ ಬಂದ್ರೆ ನನ್ನ ಕೆಲ್ಸ ಹೋಯ್ತು ಅಂತ ಅವರು ಒಂದು ವಾರ ಸರಿಯಾಗಿ ಊಟ ಮಾಡಿರ್ಲಿಲ್ಲ ಅಂತ ಅವರ ಮನೆಯವರು ಆಮೇಲೆ ಹೇಳಿದ್ರು. ಈಗ ಮಿಷಿನ್ ಹತ್ರ ಅವರಿಲ್ಲದೇ ನಡೆಯಲ್ಲ. ಹುಡುಗ ಪ್ರೋಗ್ರಾಂ ಬರೀತಾನೆ, ಆದ್ರೆ ಫೀಡ್ ಎಷ್ಟು, ಜಾಬ್ ಎಲ್ಲಿ ಹಿಡೀಬೇಕು, ಎಲ್ಲಿ ಪ್ಯಾಕಿಂಗ್ ಕೊಡ್ಬೇಕು ಅನ್ನೋದು ಅವರೇ. ಹಿಂದೆ ತಿರುಗಿ ನಿಂತಿದ್ರೂ ಸದ್ದು ಕೇಳಿ "ಮಗಾ, ಕಟರ್ ಮೊಂಡಾಗಿದೆ ನೋಡು" ಅಂತಾರೆ, ನೋಡಿದ್ರೆ ಹೌದು. ಆಯುಧಪೂಜೆ ದಿನ ಮಾನಿಟರಿಗೂ ಚೆಂಡುಹೂವಿನ ಹಾರ ಹಾಕಿದ್ದು ಅವರೇ, ಭುಜದ ನೋವಿಗೆ ಮುಲಾಮು ಹಚ್ಚೋದು ಈಗ ಕಮ್ಮಿಯಾಗಿದೆ.

ಮೈಸೂರಿನವರಿಗೆ ಐದಕ್ಕೆ ನಾಲ್ಕು ಕೊಡ್ತೀನಿ. ಹೇಳಿದ ದಿನಕ್ಕಿಂತ ಇಪ್ಪತ್ಮೂರು ದಿನ ಲೇಟು, ಪ್ಯಾನಲ್ ವೈರಿಗೆ ನಂಬರ್ ಹಾಕಿರ್ಲಿಲ್ಲ, ಡ್ರಾಯಿಂಗ್ ಕೇಳಿ ಕೇಳಿ ಕೊಟ್ರು, ಬ್ರೇಕ್ ವಿಷ್ಯ ಮೊದ್ಲೇ ಹೇಳಿದೀನಿ. ಆದ್ರೆ ಸೆಟಿಂಗ್ ಫೈಲ್ ಎಲ್ಲ ಪೆನ್‌ಡ್ರೈವಲ್ಲಿ ಹಾಕಿ ಕೈಗೆ ಕೊಟ್ರು, ಪಾಸ್‌ವರ್ಡ್ ಇಟ್ಕೊಂಡು ಆಟ ಆಡ್ಸಲಿಲ್ಲ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ್ರೂ ಎತ್ತಿದ್ರು. ಮೇಸ್ತ್ರಿ ಸ್ಕ್ರೇಪಿಂಗಿಗೆ ಬೇರೆಯಾಗಿ ಐದಕ್ಕೆ ಐದು.

ನಾಲ್ಕನೇ ಆಕ್ಸಿಸ್ ರೋಟರಿ ಹಾಕ್ಸಬೇಕು ಅಂತಿದೆ, ಪಲ್ಪರಿನ ಗೇರು ನಾವೇ ಕಟ್ ಮಾಡಬಹುದು, ಈಗ ಪ್ರತಿಯೊಂದನ್ನೂ ಹೊರಗೆ ಕಳಿಸ್ತೀವಿ. ಕಾರ್ಡಲ್ಲಿ ಜಾಗ ಉಂಟು. ಆದ್ರೆ ಮುಂದಿನ ವಾರದಿಂದ ಹಣ್ಣು ಕುಯ್ಯೋಕೆ ಶುರು, ಆಗ್ಲೇ ಬಾಗಿಲಲ್ಲಿ ಮೂರು ಪಲ್ಪರ್ ಬಂದು ಕೂತಿವೆ, ಮಾರ್ಚ್ ಮುಗಿಯೋ ತನಕ ಮಿಷಿನ್ ಬಿಚ್ಚೋ ಮಾತೇ ಇಲ್ಲ.